ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ಯುದ್ಧದ ನಿಯಮ ಸರಿಹೋಯಿತು, ಮಾತಿನ ನಿಯಮ ಯಾವಾಗ?

ಸಂಪಾದಕರಿಗೆ,

ನಮಸ್ಕಾರ. ಮೊಬೈಲ್ ಗೀಳಿನ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಆದರೆ ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂತು ಪೆನ್ಸಿಲ್ಲು, ಹಾಳೆ, ದಾಳ ಇಟ್ಟುಕೊಂಡು ರಾತ್ರಿ ಊಟದ ಹೊತ್ತು ಮೀರುವ ತನಕ ಆಡುವ ಆಟಗಳ ಬಗ್ಗೆ ಬರೆಯುವವರು ಕಡಿಮೆ. ಅಂಥದೊಂದು ಆಟದ ನಿಯಮ ಮೊನ್ನೆ ಮೊನ್ನೆ ಬದಲಾಯಿತು. ಅದರಲ್ಲಿ ಏನು ಸರಿಹೋಯಿತು, ಏನು ಸರಿಹೋಗಲಿಲ್ಲ, ಮುಂದಿನ ಸಲ ಏನು ಬದಲಾಗಬೇಕು ಅಂತ ಹೇಳಲು ಈ ಪತ್ರ. ಸ್ವಲ್ಪ ಉದ್ದವಾಗಿದೆ. ಕತ್ತರಿಸದೆ ಹಾಕಿದರೆ ಉಪಕಾರ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್ ಎಂಬ ಇಬ್ಬರು 1974ರಲ್ಲಿ ಹೊರತಂದರು. ಗೊತ್ತಿಲ್ಲದವರಿಗೆ ಹೇಗೆ ವಿವರಿಸುವುದು ಅಂತ ಯೋಚಿಸಿದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಕರಾವಳಿಯ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಎದುರು ಬದುರು ಕೂತ ಅರ್ಥಧಾರಿಗಳು ತಾವೇ ಕೃಷ್ಣ, ತಾವೇ ಕೌರವ ಆಗಿ ಆ ಕ್ಷಣಕ್ಕೆ ಹೊಳೆದ ಮಾತು ಆಡುತ್ತಾರೆ. ಭಾಗವತರು ಪದ್ಯ ಹೇಳುತ್ತಾ ಕಥೆಯನ್ನು ಮುಂದಕ್ಕೆ ಒಯ್ಯುತ್ತಾರೆ. ಈ ಆಟದಲ್ಲೂ ಹಾಗೆಯೇ. ಒಬ್ಬೊಬ್ಬರು ಒಂದೊಂದು ಪಾತ್ರ ಆಗುತ್ತಾರೆ. ಡಂಜನ್ ಮಾಸ್ಟರ್, ನಾವು ಡಿಎಂ ಅನ್ನುತ್ತೇವೆ, ಭಾಗವತರ ಜಾಗದಲ್ಲಿ ಕೂತಿರುತ್ತಾನೆ. ವ್ಯತ್ಯಾಸ ಇಷ್ಟೇ, ಇಲ್ಲಿ ಕಥೆಯ ಕೊನೆ ಯಾರಿಗೂ ಗೊತ್ತಿಲ್ಲ. ಗೋಡೆ ಹಾರುತ್ತೇನೆ ಅಂತ ಒಬ್ಬ ಹೇಳಿದರೆ ಇಪ್ಪತ್ತು ಮುಖದ ದಾಳ ಹಾಕಬೇಕು, ಅದಕ್ಕೆ ತನ್ನ ಪಾತ್ರದ ಅಂಕ ಕೂಡಿಸಬೇಕು, ಗುರಿ ಮುಟ್ಟಿದರೆ ಹಾರಿದ, ಇಲ್ಲದಿದ್ದರೆ ಬಿದ್ದ.

ನಾನು ಪುತ್ತೂರಿನ ಕಡೆಯವನು, ಈಗ ಬೆಂಗಳೂರಿನಲ್ಲಿದ್ದೇನೆ. ನಮ್ಮ ಮೇಜಿನಲ್ಲಿ ಡಿಎಂ ಆಗಿ ಕೂರುವುದು ನಾನೇ. ಆಡುವುದು ಕನ್ನಡದಲ್ಲಿ, ಸ್ಪೆಲ್ಲುಗಳ, ಅಂದರೆ ಮಂತ್ರಗಳ, ಹೆಸರು ಮಾತ್ರ ಇಂಗ್ಲಿಷು. ಈ ಆಟ ನನಗೆ ತುಂಬಾ ಇಷ್ಟ. ಇಷ್ಟ ಇರುವುದಕ್ಕೇ ಇಷ್ಟೆಲ್ಲ ಬರೆಯುತ್ತಿರುವುದು.

ಐದನೇ ಆವೃತ್ತಿ 2014ರಲ್ಲಿ ಬಂತು. ಅದೇ ಆವೃತ್ತಿಯನ್ನು ಪರಿಷ್ಕರಿಸುತ್ತೇವೆ ಅಂತ ಈ ಆಟವನ್ನು ಹೊರತರುವ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ 2022ರ ಆಗಸ್ಟಿನಲ್ಲಿ ಪ್ರಕಟಿಸಿತು. ಆಮೇಲೆ ಕರಡು ನಿಯಮಗಳನ್ನು ಕಂತು ಕಂತಾಗಿ ಹೊರಗೆ ಬಿಟ್ಟು, ಆಡಿ ನೋಡಿ, ಅಭಿಪ್ರಾಯ ಹೇಳಿ ಅಂದರು. ಪ್ರಪಂಚದ ಎಲ್ಲ ಕಡೆಯ ಆಟಗಾರರು ಬರೆದರು. ಇದು ನಿಜಕ್ಕೂ ಒಳ್ಳೆಯ ಪದ್ಧತಿ. ಎಷ್ಟೋ ಕರಡು ಅಲ್ಲೇ ಬಿದ್ದುಹೋಯಿತು. ಉದಾಹರಣೆಗೆ ಡ್ರೂಯಿಡ್, ಅಂದರೆ ಪ್ರಕೃತಿಯ ಶಕ್ತಿ ಬಳಸುವ ಮಂತ್ರವಾದಿ, ಪ್ರಾಣಿಯಾಗಿ ರೂಪ ಬದಲಿಸಿದಾಗ ಎಲ್ಲ ಪ್ರಾಣಿಗೂ ಒಂದೇ ಅಚ್ಚಿನ ಅಂಕ ಕೊಡುವ ಕರಡು ಬಂದಿತ್ತು. ಜನ ಬೇಡ ಅಂದರು, ತೆಗೆದರು. ಕೊನೆಗೆ 2024ರ ಸೆಪ್ಟೆಂಬರಿನಲ್ಲಿ ಆಟಗಾರರ ಪುಸ್ತಕ, ನವೆಂಬರಿನಲ್ಲಿ ಡಿಎಂ ಪುಸ್ತಕ, 2025ರ ಫೆಬ್ರವರಿಯಲ್ಲಿ ರಾಕ್ಷಸರ, ಭೂತಗಳ, ಡ್ರ್ಯಾಗನ್‌ಗಳ ಪುಸ್ತಕ ಬಂತು. ಒಂದೊಂದು 384 ಪುಟ. ಮೂರೂ ಸೇರಿ 1152.

ಮೊದಲು ಸರಿಹೋದದ್ದನ್ನು ಹೇಳುತ್ತೇನೆ. ಯುದ್ಧ ಚೆನ್ನಾಗಿದೆ, ಬಹಳ ಚೆನ್ನಾಗಿದೆ. ಹಳೆಯ ನಿಯಮದಲ್ಲಿ ಕತ್ತಿ ಹಿಡಿದವನ ಸರದಿ ಬಂದರೆ ದಾಳ ಹಾಕಿ ಹೊಡೆಯುವುದು, ಕೂತುಕೊಳ್ಳುವುದು, ಅಷ್ಟೇ ಇತ್ತು. ಪಕ್ಕದಲ್ಲಿ ಮಂತ್ರವಾದಿ ಮಾತ್ರ ಬೆಂಕಿ ಸುರಿಸುತ್ತಾ, ಗೋಡೆ ಎಬ್ಬಿಸುತ್ತಾ, ಹಾರುತ್ತಾ ಇರುತ್ತಿದ್ದ. ಈಗ ಆಯುಧಗಳಿಗೆ ಮಾಸ್ಟರಿ ಅಂತ ಎಂಟು ಬಗೆಯ ಪರಿಣಾಮ ಕೊಟ್ಟಿದ್ದಾರೆ. ದೊಡ್ಡ ಸುತ್ತಿಗೆ ಬಿದ್ದರೆ ಎದುರಾಳಿ ನೆಲಕ್ಕೆ ಉರುಳಬಹುದು. ಉದ್ದ ಬಿಲ್ಲಿನ ಬಾಣ ತಾಗಿದರೆ ಅವನ ಓಟ ನಿಧಾನ. ಎರಡು ಕೈಯಲ್ಲಿ ಹಿಡಿಯುವ ದೊಡ್ಡ ಕತ್ತಿಗೆ ಗ್ರೇಜ್ ಅಂತ ಒಂದಿದೆ: ಏಟು ಗುರಿ ತಪ್ಪಿದರೂ ಸ್ವಲ್ಪ ಪೆಟ್ಟು ಬಿದ್ದೇ ಬೀಳುತ್ತದೆ. ಈ ಗ್ರೇಜ್ ಅನ್ನುವುದನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ, ನನ್ನ ಮುಖ್ಯ ವಾದ ಅದರ ಮೇಲೆಯೇ ನಿಂತಿದೆ.

ಇನ್ನೂ ಇವೆ. ಗಾಯ ವಾಸಿ ಮಾಡುವ ಮೊದಲ ಹಂತದ ಸ್ಪೆಲ್ಲಿಗೆ ಮುಂಚೆ ಒಂದು ಎಂಟು ಮುಖದ ದಾಳ ಇತ್ತು, ಈಗ ಎರಡು. ಔಷಧದ ಶೀಸೆ ಕುಡಿಯಲು ಪೂರ್ತಿ ಸರದಿ ಹಾಳು ಮಾಡಿಕೊಳ್ಳಬೇಕಾಗಿಲ್ಲ. ಹೊಂಚು ಹಾಕಿ ಮೇಲೆ ಬಿದ್ದರೆ ಮೊದಲು ಆ ಕಡೆಯವರ ಇಡೀ ಸರದಿಯೇ ಹೋಗುತ್ತಿತ್ತು, ಈಗ ಯಾರು ಮೊದಲು ಅನ್ನುವ ದಾಳದಲ್ಲಿ ಮಾತ್ರ ಹಿನ್ನಡೆ. ಆಯಾಸದ ನಿಯಮ ತುಂಬಾ ಸರಳವಾಯಿತು: ಒಂದೊಂದು ಹಂತಕ್ಕೂ ದಾಳದಲ್ಲಿ 2 ಕಳೆಯಿರಿ, ನಡಿಗೆಯಲ್ಲಿ 5 ಅಡಿ ಕಳೆಯಿರಿ, ಆರನೇ ಹಂತಕ್ಕೆ ಸಾವು. ಹಳೆಯ ಪಟ್ಟಿಯನ್ನು ಪ್ರತಿ ಸಲ ಪುಸ್ತಕ ತೆಗೆದು ನೋಡಬೇಕಿತ್ತು. ಇದು ಬಾಯಿಪಾಠ ಆಗುತ್ತದೆ.

ಒಂದೇ ಒಂದು ಕಡೆ ಯುದ್ಧದಲ್ಲೂ ನನಗೆ ಸಿಟ್ಟಿದೆ. ಅದು ರೇಂಜರ್. ಕಾಡು ಬಲ್ಲವನು, ಹೆಜ್ಜೆ ಗುರುತು ಹಿಡಿಯುವವನು, ಅವನ ಇಡೀ ಪಾತ್ರವನ್ನು ಹಂಟರ್ಸ್ ಮಾರ್ಕ್ ಅನ್ನುವ ಒಂದು ಸ್ಪೆಲ್ಲಿಗೆ ಕಟ್ಟಿಹಾಕಿದ್ದಾರೆ. ಅದಕ್ಕೆ ಏಕಾಗ್ರತೆ ಬೇಕು, ಅಂದರೆ ಅದು ನಡೆಯುತ್ತಿರುವಾಗ ಏಕಾಗ್ರತೆ ಬೇಡುವ ಬೇರೆ ಒಳ್ಳೆಯ ಸ್ಪೆಲ್ ಹಾಕುವ ಹಾಗಿಲ್ಲ. ವರ್ಷಗಟ್ಟಲೆ ಆಡಿ ಇಪ್ಪತ್ತನೇ, ಅಂದರೆ ಕೊನೆಯ, ಲೆವೆಲ್ ಮುಟ್ಟಿದವನಿಗೆ ಕೊಡುವ ಬಹುಮಾನ ಏನು ಗೊತ್ತಾ? ಆ ಸ್ಪೆಲ್ಲಿನ ಆರು ಮುಖದ ದಾಳ ಹತ್ತು ಮುಖದ್ದಾಗುತ್ತದೆ. ಅಷ್ಟೇ. ಏಕಾಗ್ರತೆಯ ಷರತ್ತು ತೆಗೆಯಿರಿ ಅಂತ ಎಷ್ಟೋ ಆಟಗಾರರು ಕೇಳಿದ್ದರು. ಮುಂದಿನ ತಿದ್ದುಪಡಿಯಲ್ಲಾದರೂ ತೆಗೆಯಲಿ.

ಈಗ ವಿಷಯಕ್ಕೆ ಬರುತ್ತೇನೆ. ಈ ಆಟಕ್ಕೆ ಮೂರು ಕಂಬ ಅಂತ ಪುಸ್ತಕವೇ ಹೇಳುತ್ತದೆ: ಜನರ ಜೊತೆ ಮಾತುಕತೆ, ಊರು ಕಾಡು ಸುತ್ತುವುದು, ಯುದ್ಧ. 2014ರಲ್ಲೂ ಹೇಳಿತ್ತು, 2024ರಲ್ಲೂ ಹೇಳಿದೆ. ಯುದ್ಧದ ಕಂಬಕ್ಕೆ ಪಾಲಿಶ್ ಮಾಡಿ ಬಣ್ಣ ಹಚ್ಚಿ ನಿಲ್ಲಿಸಿದ್ದಾರೆ. ಉಳಿದ ಎರಡಕ್ಕೆ ಅದರ ಕಾಲು ಭಾಗ ಗಮನವೂ ಸಿಕ್ಕಿಲ್ಲ.

ಮಾತುಕತೆಯ ಹೊಸ ನಿಯಮ ಹೀಗಿದೆ. ಹೆಸರು ಇನ್‌ಫ್ಲುಯೆನ್ಸ್. ನೀವು ಒಬ್ಬನ ಹತ್ತಿರ ಏನೋ ಕೇಳುತ್ತೀರಿ. ಅವನಿಗೆ ಅದು ಒಪ್ಪಿಗೆಯೋ, ಹಿಂಜರಿಕೆಯೋ, ಸುತರಾಂ ಬೇಡವೋ ಅಂತ ಡಿಎಂ ತೀರ್ಮಾನ ಮಾಡುತ್ತಾನೆ. ಒಪ್ಪಿಗೆ ಇದ್ದರೆ ದಾಳವೇ ಬೇಡ. ಬೇಡ ಅಂದರೂ ದಾಳ ಬೇಡ. ಹಿಂಜರಿಕೆ ಇದ್ದರೆ ಮಾತ್ರ ದಾಳ. ಗುರಿ 15, ಅಥವಾ ಅವನ ಬುದ್ಧಿಯ ಅಂಕ, ಎರಡರಲ್ಲಿ ಯಾವುದು ಹೆಚ್ಚೋ ಅದು. ಗೆದ್ದರೆ ಆಯಿತು. ಸೋತರೆ ಅದೇ ರೀತಿ ಮತ್ತೆ ಕೇಳಲು 24 ಗಂಟೆ ಕಾಯಬೇಕು, ಅಥವಾ ಡಿಎಂ ಹೇಳಿದಷ್ಟು ಹೊತ್ತು.

ಹಳೆಯದಕ್ಕಿಂತ ಇದು ಮೇಲು, ಒಪ್ಪುತ್ತೇನೆ. ಆಟಗಾರರ ಪುಸ್ತಕದಲ್ಲೇ ಇದೆ, ಎಲ್ಲರಿಗೂ ಕಾಣುತ್ತದೆ. ಮೊದಲು ಮಾತಿನ ನಿಯಮ ಡಿಎಂ ಪುಸ್ತಕದ ಮಧ್ಯದಲ್ಲೆಲ್ಲೋ ಇತ್ತು, ಹೆಚ್ಚಿನವರು ಓದಿಯೇ ಇರಲಿಲ್ಲ. ಆದರೆ ಇದನ್ನು ಮೇಜಿನ ಮೇಲೆ ಇಟ್ಟು ನೋಡಿ. ಗೆದ್ದರೆ ಪೂರ್ತಿ, ಸೋತರೆ ಏನೂ ಇಲ್ಲ. ಗುರಿ ತಪ್ಪಿದ ಕತ್ತಿಗೆ ಗ್ರೇಜ್ ಇದೆ. ಗುರಿ ತಪ್ಪಿದ ಮಾತಿಗೆ ಏನಿದೆ? ನಾಳೆ ಬಾ ಅನ್ನುವ ಉತ್ತರ.

ಕೃಷ್ಣಸಂಧಾನ ಪ್ರಸಂಗವನ್ನೇ ತೆಗೆದುಕೊಳ್ಳಿ. ಕೃಷ್ಣ ಐದು ಊರು ಕೇಳುತ್ತಾನೆ, ಕೌರವ ಕೊಡುವುದಿಲ್ಲ. ಈ ನಿಯಮದ ಪ್ರಕಾರ ಕೌರವ ಸುತರಾಂ ಬೇಡ ಅನ್ನುವವರ ಪೈಕಿ, ಹಾಗಾಗಿ ದಾಳವೂ ಇಲ್ಲ, ದೃಶ್ಯ ಮುಗಿಯಿತು, ಮುಂದಕ್ಕೆ ನಡೆಯಿರಿ. ಆದರೆ ರಾತ್ರಿಯಿಡೀ ನಡೆಯುವ ಆ ಪ್ರಸಂಗದಲ್ಲಿ ಏನೇನು ಆಗುತ್ತದೆ ನೋಡಿ. ಕೃಷ್ಣ ಅರಮನೆ ಬಿಟ್ಟು ವಿದುರನ ಮನೆಗೆ ಹೋಗಿ ಇಳಿದುಕೊಳ್ಳುತ್ತಾನೆ. ಅದರ ಸಿಟ್ಟಿಗೆ ಕೌರವ ವಿದುರನನ್ನು ಹಂಗಿಸುತ್ತಾನೆ, ವಿದುರ ತನ್ನ ಬಿಲ್ಲನ್ನೇ ಮುರಿದು ಹಾಕುತ್ತಾನೆ. ಮುಂದೆ ಕರ್ಣನಿಗೆ ಅವನ ಹುಟ್ಟು ಗೊತ್ತಾಗುತ್ತದೆ. ಕೇಳಿದ್ದು ಸಿಗಲಿಲ್ಲ, ಆದರೆ ಸಂಧಾನ ವ್ಯರ್ಥವಾಗಲಿಲ್ಲ. ಎದುರು ಪಕ್ಷದ ಒಬ್ಬ ವೀರ ಆಯುಧ ಬಿಟ್ಟ, ಇನ್ನೊಬ್ಬನ ಮನಸ್ಸು ಒಳಗೇ ಕುಸಿಯಿತು. ಮಾತು ಸೋತಾಗಲೂ ಲೋಕ ಬದಲಾಗುತ್ತದೆ. ನಮ್ಮ ಕಡೆಯ ಪ್ರೇಕ್ಷಕರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ನಿಯಮ ಬರೆಯುವವರು ಇದನ್ನು ಹಿಡಿಯಬೇಕು ಅನ್ನುವುದೇ ನನ್ನ ಆಸೆ.

ಇನ್ನೊಂದು ತೊಂದರೆ ಲೆಕ್ಕದ್ದು. ಏಳನೇ ಲೆವೆಲ್ಲಿನ ರೋಗ್, ಅಂದರೆ ಚಾಲಾಕಿ ಕಳ್ಳನಂಥ ಪಾತ್ರ, ತೆಗೆದುಕೊಳ್ಳಿ. ಅವನು ಮಾತುಗಾರಿಕೆಯಲ್ಲಿ ಪರಿಣಿತ ಅಂತ ಇಟ್ಟುಕೊಂಡರೆ 6 ಅಂಕ ಬರುತ್ತದೆ, ಒಂದು ಸಾಧಾರಣ ವರ್ಚಸ್ಸಿಗೆ 2. ಒಟ್ಟು 8. ಹೊಸ ನಿಯಮದಲ್ಲಿ ರಿಲಯಬಲ್ ಟ್ಯಾಲೆಂಟ್ ಅನ್ನುವುದು ಹನ್ನೊಂದನೇ ಲೆವೆಲ್ಲಿನಿಂದ ಏಳಕ್ಕೆ ಇಳಿದಿದೆ. ಅಂದರೆ ದಾಳದಲ್ಲಿ 9ರ ತನಕ ಏನು ಬಿದ್ದರೂ ಅದು 10 ಅಂತಲೇ ಲೆಕ್ಕ. ಹತ್ತಕ್ಕೆ ಎಂಟು ಸೇರಿದರೆ 18. ಅವನು 18ಕ್ಕಿಂತ ಕೆಳಗೆ ಹೋಗುವುದೇ ಇಲ್ಲ. ಗುರಿ ಎಷ್ಟು? 15. ನೂರಾರು ವರ್ಷ ಬದುಕಿದ ಪ್ರಾಚೀನ ಕೆಂಪು ಡ್ರ್ಯಾಗನ್ನಿನ ಬುದ್ಧಿಯ ಅಂಕವೇ 18. ಅಂದರೆ ಆ ಡ್ರ್ಯಾಗನ್ ಸ್ವಲ್ಪ ಹಿಂಜರಿದರೂ ಸಾಕು, ಈ ರೋಗ್ ಒಂದು ಸಲವೂ ಸೋಲದೆ ಅದರಿಂದ ಒಪ್ಪಿಗೆ ತೆಗೆದುಕೊಂಡು ಬರುತ್ತಾನೆ. ಅದೇ ಮೇಜಿನಲ್ಲಿ ಕೂತ ಯೋಧನ ವರ್ಚಸ್ಸು 8 ಆದರೆ ಅವನಿಗೆ ಒಂದು ಅಂಕ ಕಡಿತ, 15ರ ಗುರಿಗೇ ದಾಳದಲ್ಲಿ 16 ಅಥವಾ ಮೇಲೆ ಬೀಳಬೇಕು. ನಾಲ್ಕರಲ್ಲಿ ಒಂದು ಸಲ. ಹೀಗಿರುವಾಗ ಯೋಧನ ಪಾತ್ರ ಮಾಡುವವರು ಯಾಕೆ ಬಾಯಿ ತೆರೆಯುತ್ತಾರೆ? ರಾಜನ ಆಸ್ಥಾನದ ದೃಶ್ಯ ಬಂದ ಕೂಡಲೇ ಮೂರು ಜನ ಮೊಬೈಲ್ ತೆಗೆಯುತ್ತಾರೆ, ಒಬ್ಬ ಮಾತಾಡುತ್ತಾನೆ. ಇದು ಆಟಗಾರರ ತಪ್ಪಲ್ಲ, ನಿಯಮದ ತಪ್ಪು.

ಯೋಧನಿಗೆ ಸ್ವಲ್ಪ ಸಹಾಯ ಕೊಟ್ಟಿದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಎರಡನೇ ಲೆವೆಲ್ಲಿನಿಂದ ತನ್ನ ಸೆಕೆಂಡ್ ವಿಂಡ್ (ಯುದ್ಧದ ನಡುವೆ ಚೇತರಿಸಿಕೊಳ್ಳುವ ಶಕ್ತಿ) ಖರ್ಚು ಮಾಡಿ, ಸೋತ ದಾಳಕ್ಕೆ ಹತ್ತು ಮುಖದ ಇನ್ನೊಂದು ದಾಳ ಕೂಡಿಸಬಹುದು. ಆಗಲೂ ಸೋತರೆ ಖರ್ಚು ವಾಪಸ್. ಬಾರ್ಬೇರಿಯನ್, ಅಂದರೆ ಆವೇಶದಿಂದ ಹೋರಾಡುವ ಪಾತ್ರ, ಸಿಟ್ಟಿನಲ್ಲಿದ್ದಾಗ ಬಲದ ಅಂಕ ಹಾಕಿ ಹೆದರಿಸಬಹುದು. ಒಳ್ಳೆಯ ಯೋಚನೆಗಳು. ಆದರೆ ಇವು ತೇಪೆಗಳು. ಬಟ್ಟೆಯೇ ಹೊಸದಾಗಿ ನೇಯಬೇಕು.

ನನಗೆ ಜಾಸ್ತಿ ಬೇಸರ ತಂದದ್ದು ಬೇರೊಂದು. 2014ರ ಪುಸ್ತಕದಲ್ಲಿ ಪ್ರತಿ ಪಾತ್ರದ ಹಿನ್ನೆಲೆಗೂ ಒಂದು ಆದರ್ಶ, ಒಂದು ಬಾಂಧವ್ಯ, ಒಂದು ದೌರ್ಬಲ್ಯ ಬರೆಯುವ ಜಾಗ ಇತ್ತು. ಅದಕ್ಕೆ ತಕ್ಕಂತೆ ನಡೆದುಕೊಂಡರೆ ಡಿಎಂ ದಾಳ ಹಾಕುವಾಗ ಅನುಕೂಲ ಕೊಡುವ ಇನ್‌ಸ್ಪಿರೇಶನ್ ಕೊಡಬಹುದಿತ್ತು. ಡಿಎಂ ಪುಸ್ತಕದ ಮಾತುಕತೆಯ ಭಾಗದಲ್ಲೂ, ಎದುರಿನವನ ಆದರ್ಶ ಏನು, ಯಾರ ಮೇಲೆ ಅವನಿಗೆ ಪ್ರೀತಿ ಅಂತ ತಿಳಿದು ಮಾತಾಡಿದರೆ ಅವನ ಧೋರಣೆ ಸಡಿಲವಾಗುತ್ತದೆ ಅಂತ ಇತ್ತು. ಬೀಜ ಒಳ್ಳೆಯದು, ಆದರೆ ನೀರು ಹಾಕಿರಲಿಲ್ಲ. ಪರಿಷ್ಕರಣೆ ಅಂದಾಗ ಇದನ್ನು ಬೆಳೆಸುತ್ತಾರೆ ಅಂತ ನಾನು ಬಹಳ ಕಾದಿದ್ದೆ. ಬೆಳೆಸುವ ಬದಲು ಕಿತ್ತೇಬಿಟ್ಟರು. ಹೊಸ ಹಿನ್ನೆಲೆಗಳಲ್ಲಿ ಇರುವುದು ಯಾವ ಅಂಕ ಹೆಚ್ಚುತ್ತದೆ, ಯಾವ ಕೌಶಲ, ಯಾವ ಸಾಮಾನು, ಯಾವ ವಿಶೇಷ ಶಕ್ತಿ ಅನ್ನುವುದು. ಹುಡುಗಿ ರೈತರ ಮನೆಯಿಂದ ಬಂದವಳು ಅಂದರೆ ಅವಳ ಅಂಕ ಗೊತ್ತಾಗುತ್ತದೆ, ಅವಳು ಯಾರನ್ನು ಬಿಟ್ಟು ಬಂದಳು ಅಂತ ಗೊತ್ತಾಗುವುದಿಲ್ಲ. ಹೊಸಬರು ಆಟಕ್ಕೆ ಬಂದಾಗ ಈ ಮೂರು ಸಾಲು ಎಷ್ಟು ಕೆಲಸ ಮಾಡುತ್ತಿತ್ತು ಅಂತ ಡಿಎಂಗಳಿಗೆ ಗೊತ್ತು. ದಯವಿಟ್ಟು ವಾಪಸ್ ತನ್ನಿ.

ಕೆಲವು ಗೆಳೆಯರು ಹೇಳುತ್ತಾರೆ, ಮಾತಿಗೆ ನಿಯಮ ಯಾಕೆ, ಸುಮ್ನೆ ಮಾತಾಡಿದರೆ ಆಯಿತಲ್ವಾ, ನಿಯಮ ಹಾಕಿದರೆ ನಾಟಕ ಸತ್ತುಹೋಗುತ್ತದೆ ಅಂತ. ನನಗೆ ಒಪ್ಪಿಗೆ ಇಲ್ಲ. ತಾಳಮದ್ದಳೆಯಲ್ಲೂ ಕಟ್ಟು ಇದೆ. ಪ್ರಸಂಗದ ಚೌಕಟ್ಟು ಇದೆ, ಪದ್ಯದ ಅರ್ಥ ಬಿಟ್ಟು ತೀರಾ ಹೊರಗೆ ಹೋಗುವ ಹಾಗಿಲ್ಲ, ಮಾತು ಎಳೆದಾಡಿದರೆ ಭಾಗವತರು ಮುಂದಿನ ಪದ್ಯ ಎತ್ತುತ್ತಾರೆ. ಆ ಕಟ್ಟಿನ ಒಳಗೇ ಅರ್ಥಧಾರಿ ಅರಳುವುದು. ಇನ್ನೂ ದೊಡ್ಡ ಕಾರಣ ನಾಚಿಕೆ ಸ್ವಭಾವದವರು. ನಮ್ಮ ಮೇಜಿಗೆ ಬರುವವರಲ್ಲಿ ದಿನವಿಡೀ ಆಫೀಸಿನಲ್ಲಿ ನಾಲ್ಕು ಮಾತೂ ಆಡದ ಹುಡುಗರಿದ್ದಾರೆ. ಅವರಿಗೂ ಒಂದು ಸಲ ಆಸ್ಥಾನದಲ್ಲಿ ನಿಂತು ರಾಜನ ಮನಸ್ಸು ಬದಲಿಸುವ ಪಾತ್ರ ಮಾಡಬೇಕು ಅಂತ ಇರುತ್ತದೆ. ನಿಜ ಜೀವನದಲ್ಲಿ ಕತ್ತಿ ಹಿಡಿಯಲು ಬಾರದವನಿಗೆ ಆಟದಲ್ಲಿ ಕತ್ತಿ ಬೀಸಲು ನಿಯಮ ಸಹಾಯ ಮಾಡುತ್ತದೆ ಅಂದಮೇಲೆ, ಮಾತು ಬಾರದವನಿಗೆ ಮಾತಾಡಲು ಯಾಕೆ ಮಾಡಬಾರದು? ಹಾಗೆ ಬಿಟ್ಟರೆ ಬಾಯಿ ಇದ್ದವರದ್ದೇ ಆಟ ಆಗುತ್ತದೆ.

ಬೇರೆ ಆಟಗಳು ಇದನ್ನು ಮಾಡಿ ತೋರಿಸಿವೆ. ಕಾಲ್ ಆಫ್ ಕಥುಲು ಆಟದ ಏಳನೇ ಆವೃತ್ತಿಯಲ್ಲಿ ಸೋತ ದಾಳವನ್ನು ಇನ್ನೊಮ್ಮೆ ಹಾಕಬಹುದು, ಆದರೆ ಎರಡನೇ ಸಲ ಸೋತರೆ ಗಂಭೀರವಾದ ಪರಿಣಾಮ ಅನುಭವಿಸಬೇಕು. 24 ಗಂಟೆ ಕಾಯಿ ಅನ್ನುವುದಕ್ಕೂ, ಈಗಲೇ ಕೇಳು, ಆದರೆ ಜೀವಕ್ಕೆ ಬರಬಹುದು ಅನ್ನುವುದಕ್ಕೂ ಎಷ್ಟು ವ್ಯತ್ಯಾಸ! 2025ರಲ್ಲಿ ಬಂದ ಡ್ಯಾಗರ್‌ಹಾರ್ಟ್ ಆಟದಲ್ಲಿ ಹನ್ನೆರಡು ಮುಖದ ಎರಡು ದಾಳ, ಒಂದು ಭರವಸೆಯದ್ದು, ಇನ್ನೊಂದು ಭಯದ್ದು. ಎರಡರ ಮೊತ್ತ ಗೆಲುವು ಸೋಲು ಹೇಳುತ್ತದೆ. ಯಾವ ದಾಳ ದೊಡ್ಡದು ಅನ್ನುವುದು ಗೆಲುವಿನ ಜೊತೆ ಒಂದು ಕಷ್ಟ ಬಂತಾ, ಸೋಲಿನ ಜೊತೆ ಒಂದು ದಾರಿ ತೆರೆಯಿತಾ ಅಂತ ಹೇಳುತ್ತದೆ. ಅಷ್ಟು ದೂರ ಯಾಕೆ, ಇದೇ ಡಂಜನ್ಸ್ ಅಂಡ್ ಡ್ರ್ಯಾಗನ್ಸಿನ ನಾಲ್ಕನೇ ಆವೃತ್ತಿಯಲ್ಲಿ, 2008ರಲ್ಲಿ, ಸ್ಕಿಲ್ ಚಾಲೆಂಜ್ ಅಂತ ಇತ್ತು. ಒಂದೇ ದಾಳದಲ್ಲಿ ಮುಗಿಸುವ ಹಾಗಿಲ್ಲ. ಎಲ್ಲರೂ ತಮ್ಮ ತಮ್ಮ ಕೌಶಲ ಹಾಕಬೇಕು, ಮೂರು ಸೋಲು ಬರುವ ಮೊದಲು ಇಷ್ಟು ಗೆಲುವು ಅಂತ ಗುರಿ. ಬರವಣಿಗೆ ಒಣಗಿತ್ತು, ಹಾಗಾಗಿ ಜನ ದೂರಿದರು, ಆದರೆ ಒಳಗಿನ ಯೋಚನೆ ಗಟ್ಟಿ. ಐದನೇ ಆವೃತ್ತಿಗೆ ಬರುವಾಗ ಅದನ್ನು ಪೂರ್ತಿ ಕೈಬಿಟ್ಟರು.

ಹಾಗಾದರೆ ನಾನು ಕೇಳುವ ನಿಯಮ ಯಾವುದು? ನಮ್ಮ ಮೇಜಿನಲ್ಲಿ ಈಗ ನಡೆಸುತ್ತಿರುವುದನ್ನೇ ಹೇಳುತ್ತೇನೆ. ಆಯುಧಕ್ಕೆ ಮಾಸ್ಟರಿ ಕೊಟ್ಟ ಹಾಗೆ ಮಾತಿನ ಕೌಶಲಗಳಿಗೂ ಒಂದೊಂದು ಪರಿಣಾಮ ಕೊಟ್ಟಿದ್ದೇವೆ. ಒಲಿಸುವ ಮಾತು ಸೋತರೂ ಎದುರಿನವನು ಯಾಕೆ ಒಪ್ಪಲಿಲ್ಲ ಅನ್ನುವ ನಿಜವಾದ ಕಾರಣ ಒಂದನ್ನು ಹೇಳಲೇಬೇಕು. ಇದೇ ನಮ್ಮ ಗ್ರೇಜ್. ಹೆದರಿಸುವ ಮಾತು ಗೆದ್ದರೆ ಈಗ ಕೆಲಸ ಆಗುತ್ತದೆ, ಆದರೆ ನೀವು ಬೆನ್ನು ತಿರುಗಿಸಿದ ಮೇಲೆ ಅವನು ವೈರಿ. ಸುಳ್ಳು ಗೆದ್ದರೆ ಅದು ಬಯಲಾಗುವ ತನಕ ಮಾತ್ರ ಗೆಲುವು, ಯಾವಾಗ ಬಯಲು ಅನ್ನುವುದನ್ನು ಡಿಎಂ ಮೊದಲೇ ಬರೆದಿಟ್ಟುಕೊಳ್ಳುತ್ತಾನೆ. ಮನಸ್ಸು ಓದುವ ಕೌಶಲ ಇದ್ದವನು, ಬೇರೆಯವರು ಮಾತಾಡುತ್ತಿರುವಾಗ ದಾಳ ಹಾಕಿ ಎದುರಿನವನ ಒಂದು ಭಯವನ್ನು ಕಂಡುಹಿಡಿಯಬಹುದು. ಎದುರಿನವನು ಮುಖ್ಯ ಪಾತ್ರ ಆದರೆ ಒಂದೇ ದಾಳ ಸಾಲದು, ಮೂರು ಸೋಲಿನ ಲೆಕ್ಕ ಇದೆ, ಪ್ರತಿಯೊಬ್ಬ ಆಟಗಾರನೂ ಒಂದು ಸಲವಾದರೂ ಬಾಯಿ ಹಾಕಬೇಕು. ಯೋಧ ತಾನು ಗಡಿಯಲ್ಲಿ ಕಾದ ರಾತ್ರಿಯ ಕಥೆ ಹೇಳಿದರೆ ಅದಕ್ಕೆ ವರ್ಚಸ್ಸಿನ ಬದಲು ದೇಹಬಲದ ಅಂಕ ಹಾಕಲು ಬಿಡುತ್ತೇವೆ. ಬಂದ ಬದಲಾವಣೆ ಕಣ್ಣಿಗೆ ಕಾಣುವಂಥದ್ದು. ಆಸ್ಥಾನದ ದೃಶ್ಯಕ್ಕೆ ಈಗ ಎಲ್ಲರೂ ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ.

ಪ್ರಯಾಣದ ಬಗ್ಗೆಯೂ ಸ್ವಲ್ಪ ಹೇಳಬೇಕು. ನಮ್ಮ ಕಥೆ ನಡೆಯುವುದು ಘಟ್ಟದ ಕಾಡಿನಂಥ ಜಾಗದಲ್ಲಿ. ಆಗುಂಬೆಯ ಮಳೆ ನೋಡಿದವರಿಗೆ ಗೊತ್ತು, ಜುಲೈ ತಿಂಗಳಲ್ಲಿ ಅಲ್ಲಿ ಒಂದು ರಾತ್ರಿ ಹೊರಗೆ ಕಳೆಯುವುದೇ ಒಂದು ಸಾಹಸ. ಉಂಬಳ, ಜಾರು ಬಂಡೆ, ಒಣಗಿದ ಕಟ್ಟಿಗೆ ಒಂದೂ ಸಿಗದ ಸ್ಥಿತಿ. ಇದನ್ನೆಲ್ಲ ಮೇಜಿಗೆ ತರಬೇಕು ಅಂತ ನನಗೆ ಆಸೆ. ಆದರೆ ಗುಂಪಿನಲ್ಲಿ ಒಬ್ಬ ಡ್ರೂಯಿಡ್ ಇದ್ದರೆ ಮೊದಲ ಹಂತದ ಗುಡ್‌ಬೆರಿ ಸ್ಪೆಲ್ ಹಾಕುತ್ತಾನೆ, ಹತ್ತು ಹಣ್ಣು ಬರುತ್ತದೆ, ಒಂದು ಹಣ್ಣು ಒಬ್ಬನಿಗೆ ಒಂದು ದಿನದ ಊಟ. ಹಸಿವಿನ ಕಥೆ ಮುಗಿಯಿತು. ಮಂತ್ರವಾದಿ ಇದ್ದರೆ ಮೂರನೇ ಹಂತದ ಟೈನಿ ಹಟ್. ಅದನ್ನು ವಿಧಿಯಾಗಿ ಮಾಡಿದರೆ ಹತ್ತು ನಿಮಿಷ ಜಾಸ್ತಿ ಬೇಕು, ಶಕ್ತಿ ಏನೂ ಖರ್ಚಾಗುವುದಿಲ್ಲ. ಎಂಟು ಗಂಟೆ ಬೆಚ್ಚಗಿನ, ಒಣಗಿದ ಗುಮ್ಮಟ. ಮಳೆಯ ಕಥೆಯೂ ಮುಗಿಯಿತು. ಹೊರಗೆ ಜಲಪ್ರಳಯ ಆದರೂ ಒಳಗೆ ನಿದ್ದೆ. ಬೆಳಿಗ್ಗೆ ಎದ್ದರೆ ಎಲ್ಲ ಗಾಯ ಮಾಯ.

ಪರಿಷ್ಕರಣೆಯಲ್ಲಿ ಒಂದು ಒಳ್ಳೆಯ ಹೆಜ್ಜೆ ಇಟ್ಟಿದ್ದಾರೆ. ರೇಂಜರ್ ತನಗೆ ಪರಿಚಯದ ನೆಲದಲ್ಲಿ ಮಂತ್ರದಿಂದಲ್ಲದೆ ದಾರಿ ತಪ್ಪುವುದೇ ಇಲ್ಲ ಅನ್ನುವ ಹಳೆಯ ನಿಯಮ ಹೋಯಿತು. ಕಾಡಿನ ಹಿನ್ನೆಲೆಯವನು ಆರು ಜನಕ್ಕೆ ದಿನವೂ ಆಹಾರ, ನೀರು ಹುಡುಕಬಲ್ಲ ಅನ್ನುವುದೂ ಹೋಯಿತು. ಕಷ್ಟವನ್ನೇ ಅಳಿಸಿಹಾಕುವ ಶಕ್ತಿಗಳು ಆಟಕ್ಕೆ ಒಳ್ಳೆಯದಲ್ಲ. ಕಷ್ಟವನ್ನು ಎದುರಿಸಲು ದಾರಿ ಕೊಡುವ ಶಕ್ತಿ ಬೇಕು. ಆದರೆ ರೇಂಜರಿನ ಶಕ್ತಿ ತೆಗೆದವರು ಗುಡ್‌ಬೆರಿಯನ್ನೂ ಟೈನಿ ಹಟ್ಟನ್ನೂ ಹಾಗೇ ಬಿಟ್ಟರು. ಮಂತ್ರ ಬಲ್ಲವರಿಗೆ ಕಾಡು ಈಗಲೂ ಹೋಟೆಲ್ಲು. ದಿ ಒನ್ ರಿಂಗ್ ಆಟದಲ್ಲಿ ಪ್ರಯಾಣ ಶುರುವಾಗುವ ಮೊದಲು ದಾರಿ ತೋರಿಸುವವನು, ಬೇಟೆಗಾರ, ಕಾವಲಿನವನು, ಮುಂದೆ ಹೋಗಿ ನೋಡುವವನು ಅಂತ ಕೆಲಸ ಹಂಚಿಕೊಳ್ಳುತ್ತಾರೆ, ಪ್ರತಿಯೊಬ್ಬನಿಗೂ ದಾಳ ಹಾಕುವ ಸಂದರ್ಭ ಬರುತ್ತದೆ. ಅಂಥದ್ದೇ ಒಂದು ಪುಟ ಸಾಕು. ಹೊಸ ಆಯಾಸದ ನಿಯಮ ಹೇಗೂ ಇದೆ, ಅದನ್ನು ಪ್ರಯಾಣಕ್ಕೆ ಜೋಡಿಸಿದರೆ ಕೆಲಸ ಮುಗಿಯುತ್ತದೆ. ಒದ್ದೆ ನೆಲದಲ್ಲಿ ಮಲಗಿದ ರಾತ್ರಿ ಆಯಾಸ ಇಳಿಯುವುದಿಲ್ಲ ಅನ್ನಿ. ಟೈನಿ ಹಟ್ ಬೇಕಾದರೆ ಶಕ್ತಿ ಖರ್ಚು ಮಾಡಿ ಅನ್ನಿ.

ವಿಶ್ರಾಂತಿಯದ್ದು ಒಂದು ಚಿಕ್ಕ ಬೇಡಿಕೆ. ಸಣ್ಣ ವಿಶ್ರಾಂತಿ ಅಂದರೆ ಈಗ ಒಂದು ಗಂಟೆ. ಗುಹೆಯ ಮಧ್ಯದಲ್ಲಿ, ಶತ್ರುಗಳು ಹುಡುಕುತ್ತಿರುವಾಗ, ಒಂದು ಗಂಟೆ ಯಾರು ಕೂರುತ್ತಾರೆ? ಹಾಗಾಗಿ ಖರ್ಚಾದ ಶಕ್ತಿ ವಾಪಸ್ ಪಡೆಯಲು ಸಣ್ಣ ವಿಶ್ರಾಂತಿಯನ್ನೇ ನಂಬಿದ, ವಾರ್ಲಾಕ್ ಎಂಬ ಮಂತ್ರವಾದಿಯಂಥ ಪಾತ್ರಗಳು ಒಣಗುತ್ತವೆ. ನಾಲ್ಕನೇ ಆವೃತ್ತಿಯಲ್ಲಿ ಐದು ನಿಮಿಷ ಇತ್ತು. ಹತ್ತು ನಿಮಿಷ ಮಾಡಿ, ದಿನಕ್ಕೆ ಎರಡು ಸಲ ಅಂತ ಮಿತಿ ಹಾಕಿ. ಒಂದು ಸಾಲಿನ ಬದಲಾವಣೆ.

ಇದನ್ನೆಲ್ಲ ಅಮೆರಿಕದ ಕಂಪನಿಗೆ ಬರೆಯುವ ಬದಲು ಕನ್ನಡ ಪತ್ರಿಕೆಗೆ ಯಾಕೆ ಬರೆಯುತ್ತಿದ್ದೇನೆ ಅಂತ ಕೇಳಬಹುದು. ಕಾರಣ ಇದೆ. 2023ರ ಜನವರಿಯಲ್ಲಿ ಕಂಪನಿ ತನ್ನ ನಿಯಮಗಳನ್ನು ಬೇರೆಯವರು ಬಳಸುವ ಪರವಾನಗಿಯ ಷರತ್ತು ಬಿಗಿ ಮಾಡಲು ಹೊರಟಿತ್ತು. ಆಟಗಾರರು ದೊಡ್ಡ ಮಟ್ಟದಲ್ಲಿ ವಿರೋಧಿಸಿದರು. ಕಂಪನಿ ಹಿಂದೆ ಸರಿದು, ಅದೇ ತಿಂಗಳು ಐದನೇ ಆವೃತ್ತಿಯ ಮೂಲ ನಿಯಮಗಳ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಪ್ಪಿಸಿತು. ಪರಿಷ್ಕೃತ ನಿಯಮಗಳ ದಾಖಲೆಯೂ 2025ರ ಏಪ್ರಿಲಿನಲ್ಲಿ ಅದೇ ಪರವಾನಗಿಯಲ್ಲಿ ಬಂತು. ಅಂದರೆ ಮೂಲವನ್ನು ಹೆಸರಿಸಿದರೆ ಸಾಕು, ಯಾರು ಬೇಕಾದರೂ ಆ ದಾಖಲೆಯ ನಿಯಮಗಳನ್ನು ತಿದ್ದಬಹುದು, ಬೆಳೆಸಬಹುದು, ಅನುವಾದಿಸಬಹುದು, ಅಚ್ಚು ಹಾಕಿ ಮಾರಲೂಬಹುದು. ಕಂಪನಿಯೇ ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್ ರೂಪ ಕೊಟ್ಟಿದೆ. ಕನ್ನಡದ್ದನ್ನು ನಾವೇ ಮಾಡಿಕೊಳ್ಳಬೇಕು, ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಹೊರಬಂದಾಗ ಪುಸ್ತಕ ಒಂದಕ್ಕೆ 49.99 ಡಾಲರ್ ಇತ್ತು, ಮೂರಕ್ಕೆ ಹತ್ತಿರ ಹತ್ತಿರ 150. ಪಿಯುಸಿ ಓದುವ ಹುಡುಗರು ಎಲ್ಲಿಂದ ತರುತ್ತಾರೆ? ಉಚಿತ ದಾಖಲೆ ಇದೆ, ಆದರೆ ನೂರಾರು ಪುಟದ ಇಂಗ್ಲಿಷು.

ಪರಿಷ್ಕರಣೆಯನ್ನು ಮುಂದೆ ನಿಂತು ನಡೆಸಿದ ಜೆರೆಮಿ ಕ್ರಾಫರ್ಡ್, ಕ್ರಿಸ್ ಪರ್ಕಿನ್ಸ್ ಇಬ್ಬರೂ 2025ರಲ್ಲಿ ಕಂಪನಿ ಬಿಟ್ಟರು. ಮುಂದಿನ ತಿದ್ದುಪಡಿ ಬರೆಯುವುದು ಹೊಸ ಕೈಗಳು. ಕರಡು ಹೊರಗೆ ಬಿಟ್ಟು ಅಭಿಪ್ರಾಯ ಕೇಳುವ ಪದ್ಧತಿ ಈಗಲೂ ಇದೆ. ಇಲ್ಲಿ ಈ ಆಟ ಆಡುವವರು ಅದರಲ್ಲಿ ಬರೆಯಬೇಕು, ಮಾತುಕತೆಯ ನಿಯಮ ಬೇಕು ಅಂತ ಬರೆಯಬೇಕು. ಅದರ ಜೊತೆಗೆ ನನಗೆ ಇನ್ನೊಂದು ಆಸೆ ಇದೆ. ಇಡೀ ರಾತ್ರಿ ಮಾತಿನ ಮೇಲೆಯೇ ಪ್ರಸಂಗ ನಿಲ್ಲಿಸುವ ಅರ್ಥಧಾರಿಗಳು, ಭಾಗವತರು ನಮ್ಮ ಜಿಲ್ಲೆಗಳಲ್ಲಿ ಇದ್ದಾರೆ. ಅವರಲ್ಲಿ ಒಬ್ಬರಾದರೂ ಒಂದು ಸಂಜೆ ನಮ್ಮಂಥವರ ಜೊತೆ ಕೂತು, ವಾದ ಯಾವಾಗ ಏರುತ್ತದೆ, ಎದುರಿನವನಿಗೆ ಯಾವಾಗ ಬಿಟ್ಟುಕೊಡಬೇಕು, ಸೋಲುವ ಪಾತ್ರ ಹೇಗೆ ಮಾತಿನಲ್ಲಿ ಗೆಲ್ಲುತ್ತದೆ ಅಂತ ಹೇಳಿಕೊಟ್ಟರೆ, ಅದನ್ನು ದಾಳದ ನಿಯಮವಾಗಿ ಬರೆಯುವ ಕೆಲಸ ನಾವು ಮಾಡುತ್ತೇವೆ. ಕನ್ನಡದಲ್ಲೇ ಮೊದಲು ಬರೆಯುತ್ತೇವೆ, ಅದೇ ಪರವಾನಗಿಯಲ್ಲಿ ಎಲ್ಲರಿಗೂ ಉಚಿತವಾಗಿ ಬಿಡುತ್ತೇವೆ. ನಿಮ್ಮ ಓದುಗರಲ್ಲಿ ಅಂಥವರು ಇದ್ದರೆ ದಯವಿಟ್ಟು ಇದೇ ಅಂಕಣಕ್ಕೆ ಬರೆದು ತಿಳಿಸಿ.

ಇಂತಿ ನಿಮ್ಮ ಓದುಗ,
ಒಬ್ಬ ಡಿಎಂ, ಬೆಂಗಳೂರು